ಎಂಬತ್ತು ಪರ್ಸೆಂಟ್

ಅಂಗವಿಕಲ ಮಕ್ಕಳ ತಪಾಸಣಾ ಶಿಬಿರಕ್ಕೆ ಬರುವ ತಾಯಂದಿರ ಬಾಯಲ್ಲಿ ಒಂದೇ ಪ್ರಶ್ನೆ. ಚಾಮರಾಜನಗರದ ಯಾವುದಾದರೂ ಶಾಲೆಯ ಕೊಠಡಿಗಳನ್ನು ಖಾಲಿ ಮಾಡಿಸಿ ಡಾಕ್ಟರುಗಳು ಕೂರುತ್ತಾರೆ. ಹೊರಗೆ ಜಗಲಿಯ ಉದ್ದಕ್ಕೂ ಮಕ್ಕಳನ್ನು ತೊಡೆಯ ಮೇಲೆ, ಸೊಂಟದ ಮೇಲೆ, ಚಾಪೆಯ ಮೇಲೆ ಇಟ್ಟುಕೊಂಡು ತಾಯಂದಿರು ಕಾಯುತ್ತಾರೆ. ಒಳಗಿನಿಂದ ಒಬ್ಬಾಕೆ ಈಚೆಗೆ ಬಂದರೆ ಸಾಕು, ಸಾಲಿನಲ್ಲಿದ್ದವರೆಲ್ಲ ತಲೆ ಎತ್ತುತ್ತಾರೆ.

"ಎಷ್ಟ್ ಬಂತಕ್ಕ?"

"ನಲ್ವತ್ತೈದಂತೆ."

"ಅಯ್ಯೋ, ಅಷ್ಟೇಯಾ? ಕೂಸು ನಿಂತ್ಕಳಾದೇ ಇಲ್ವಲ್ಲ!"

"ಡಾಕ್ಟ್ರು ಚೆಂಡು ತೋರುಸುದ್ರು, ಇವ್ನು ಈಸ್ಕಂಡ್ಬುಟ್ಟ. ಮನೇಲಿ ಒಂದಿನ ಈಸ್ಕಂಡೋನಲ್ಲ ಕಣಕ್ಕ, ಅಲ್ಲೇ ಈಸ್ಕಬೇಕಾ ನನ್ಮಗ!"

ಎಲ್ಲರೂ ನಗುತ್ತಾರೆ. ಆಕೆಯೂ ನಗುತ್ತಾಳೆ. ಮಗುವಿನ ದೇಹದಲ್ಲಿ ಎಷ್ಟು ಪಾಲು ಕೆಲಸ ಮಾಡುವುದಿಲ್ಲ ಎಂದು ಡಾಕ್ಟರು ಲೆಕ್ಕ ಹಾಕಿ ಬರೆಯುವ ಸಂಖ್ಯೆ ಅದು. ಎಪ್ಪತ್ತೈದು ದಾಟಿದರೆ ಸರ್ಕಾರದ ಮಾಸಾಶನ ಹೆಚ್ಚು, ಕೆಳಗಿದ್ದರೆ ಕಡಿಮೆ. ಹೆಚ್ಚು ಬಂದವರು ಮುಖ ಅರಳಿಸಿಕೊಂಡು ಬಂದು, ಆಮೇಲೆ ನಲ್ಲಿಯ ಹಿಂದೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾವುದಕ್ಕೆ ಖುಷಿಪಟ್ಟೆ ಎಂಬುದು ಅಲ್ಲಿಗೆ ಹೋದ ಮೇಲೆ ನೆನಪಾಗುತ್ತದೆ.

ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ. ಶಾಲೆಗೆ ಬರಲಾಗದವರ ಮನೆಗೇ ವಾರಕ್ಕೊಮ್ಮೆ ಹೋಗುವುದು ನನ್ನ ಕೆಲಸದ ಒಂದು ಭಾಗ. ಇಲಾಖೆಯ ಭಾಷೆಯಲ್ಲಿ ಅದು ಗೃಹಾಧಾರಿತ ಶಿಕ್ಷಣ. ಹಳ್ಳಿಯವರ ಬಾಯಲ್ಲಿ "ಮನೆ ಪಾಠದ ಮೇಡಮ್ಮು". ಬ್ಯಾಗಿನಲ್ಲಿ ದಪ್ಪ ಕ್ರೇಯಾನು, ಮಣಿಗಳ ಡಬ್ಬಿ, ಗುಂಡಿ ಹಾಕಿ ಬಿಚ್ಚಲು ಹಳೆಯ ಅಂಗಿಯೊಂದು, ಜೊಲ್ಲು ಒರೆಸಲು ಎರಡು ಟವಲ್. ಬೆಳಿಗ್ಗೆ ಮನೆಯಲ್ಲಿ ಚಿತ್ರಾನ್ನವೋ ಉಪ್ಪಿಟ್ಟೋ ಮಾಡಿಟ್ಟು, ಗಂಡನ ಮಾತ್ರೆಗಳನ್ನು ಬಟ್ಟಲಿಗೆ ಹಾಕಿ ಮುಚ್ಚಿ, ಬಸ್ ಸ್ಟ್ಯಾಂಡಿಗೆ ನಡೆದರೆ ಸಂಜೆ ವಾಪಸ್ಸು.

ಈಗ ಹೇಳಬೇಕೆಂದಿರುವ ಹುಡುಗಿಯ ಮನೆ ತೆರಕಣಾಂಬಿಯಿಂದ ಒಳಗೆ. ಬಸ್ಸಿಳಿದು ಆಟೋ ಹಿಡಿಯಬೇಕು, ಆಟೋ ತುಂಬುವವರೆಗೆ ಕಾಯಬೇಕು. ಅಪ್ಪ ಬಂಡೀಪುರದ ಕಾಡಿನಲ್ಲಿ ದಿನಗೂಲಿ ವಾಚರ್, ಮನೆಗೆ ಬರುವುದು ಅಪರೂಪ. ಅಮ್ಮ ಅರಿಶಿನದ ಹೊಲದ ಕಳೆಗೆ, ಚೆಂಡು ಹೂವು ಕೀಳಲು ಹೋಗುವವಳು. ಅವಳು ಹೋದಾಗ ಹುಡುಗಿಯನ್ನು ನೋಡಿಕೊಳ್ಳುವುದು ಅಪ್ಪನ ತಾಯಿ, ಅಜ್ಜಿ. ಶಿಬಿರಕ್ಕೆ ಕರೆದೊಯ್ದ ವರ್ಷ ಹುಡುಗಿಗೆ ಹತ್ತು ತುಂಬಿತ್ತು. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಆದ ತೊಂದರೆ. ಕಾಲು ನಿಲ್ಲುವುದಿಲ್ಲ, ಬಲಗೈ ಮಡಚಿಕೊಂಡು ಎದೆಗೆ ಅಂಟಿಕೊಂಡಿರುತ್ತದೆ. ಎಡಗೈ ಮಾತ್ರ ಹೇಳಿದ ಮಾತು ಸ್ವಲ್ಪ ಕೇಳುತ್ತದೆ. ಮಾತು ನಿಧಾನ, ತುಂಬಿದ ಚೊಂಬನ್ನು ತುಳುಕಿಸದೆ ತರುವ ಹಾಗೆ ಒಂದೊಂದೇ ಪದ. ಆದರೆ ತಲೆ ಚುರುಕು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಇವತ್ತು... ಲೇಟು" ಎಂದು ಛೀಮಾರಿ ಹಾಕುತ್ತಿದ್ದಳು.

ಅವಳನ್ನು ಊರಿನ ಶಾಲೆಗೆ ಸೇರಿಸಬೇಕು ಎಂಬುದು ನನ್ನ ಆಸೆ, ಅದಕ್ಕಿಂತ ಹೆಚ್ಚಾಗಿ ಅವಳದು. ಶಾಲೆ ಅವಳ ಮನೆಯ ಬೀದಿಯ ಕೊನೆಗೇ ಇದೆ, ಪ್ರಾರ್ಥನೆ ಮನೆಗೇ ಕೇಳುತ್ತದೆ. ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯರೇ. ಆದರೂ ಒಂದು ಮಾತು ಹೇಳಿದರು.

"ಮೇಡಂ, ಪಾಠಕ್ಕೇನು, ಕೂರಿಸ್ಕೋತೀನಿ. ಬಾತ್ರೂಮಿಗೆ ಅವರಮ್ಮನೋ ಅಜ್ಜಿನೋ ಬಂದು ಹೋಗ್ಲಿ. ಆದ್ರೆ ಊಟದ ಹೊತ್ತಲ್ಲಿ ಅಷ್ಟು ಮಕ್ಕಳಿಗೆ ನಾವು ಇಬ್ಬರೇ. ಒಬ್ಬಳ ಮುಂದೆ ಕೂತು ತಿನ್ನಿಸ್ತಾ ಇರೋಕೆ ಯಾರನ್ನ ತರ್ಲಿ? ತಾನೇ ತಿನ್ನೋ ಹಾಗಾದ ವರ್ಷ ಜೂನಿಗೆ ಕಳಿಸಿ."

ಹಾಗೆ ಹೇಳುವ ಹಾಗಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ನಿಯಮ ತೋರಿಸಿ ಜಗಳ ಮಾಡಿ ಸೇರಿಸಿದ ಮಕ್ಕಳು ಮೂಲೆಯಲ್ಲಿ ಕೂತು ಎರಡೇ ವಾರಕ್ಕೆ ಮನೆಗೆ ವಾಪಸ್ಸಾದದ್ದನ್ನು ಕಂಡಿದ್ದೆ. ಜಗಳ ಬೇಡ, ತಿನ್ನುವುದನ್ನು ಕಲಿಸೋಣ ಎಂದುಕೊಂಡೆ.

ಕಲಿಸಲು ಹೊರಟರೆ ಅಡ್ಡ ಬಂದದ್ದು ಅಜ್ಜಿ.

"ಎಡಗೈಲಿ ಉಣ್ಣುಸ್ತೀಯಾ? ಏನ್ ಮೇಡಮ್ಮಿ ನೀನು! ನಾಳೆ ನೆಂಟ್ರು ಮನೇಲಿ ಎಲೆ ಮುಂದೆ ಕುಂತ್ಕಂಡ್ರೆ ನಾಕ್ ಜನ ಏನಂದಾರು?"

"ಬಲಗೈ ಆಗಲ್ಲವಲ್ಲ ಅಜ್ಜಿ."

"ಆಗದಿಲ್ಲ ಅಂದ್ರೆ ನಾನ್ ಉಣ್ಣುಸ್ತೀನಿ ಬುಡು. ನನ್ ಕೈ ಏನ್ ಬಿದ್ದೋಯ್ತದಾ?"

ತಿಂಗಳುಗಟ್ಟಲೆ ಇದೇ ಮಾತು. ಕೊನೆಗೆ ನಾನೊಂದು ಚಮಚ ತಂದೆ. ಹಿಡಿಗೆ ಬಟ್ಟೆ ಸುತ್ತಿ, ಮೇಲೆ ಹಳೆಯ ಸೈಕಲ್ ಟ್ಯೂಬಿನ ತುಂಡು ಎಳೆದು ದಪ್ಪ ಮಾಡಿದ್ದೆ, ಹಿಡಿತ ಸಿಗಲಿ ಎಂದು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ಅನ್ನ ಮುಟ್ಟಾದು ಚಮಚ. ಕೈಯಲ್ಲ. ಆಗ್ಲಿ ಬುಡು."

ಅಲ್ಲಿಂದ ಮುಂದೆ ಎರಡು ವರ್ಷ ಹಿಡಿಯಿತು. ಮೊದಲು ಖಾಲಿ ಚಮಚ ಬಾಯಿಗೆ. ಆಮೇಲೆ ಬೆಲ್ಲದ ಪುಡಿ, ಬಿದ್ದರೂ ನೆಕ್ಕಬಹುದು. ಆಮೇಲೆ ಮೆತ್ತಗಿನ ಅನ್ನ ಸಾರು. ಅರ್ಧ ಟವಲ್ ಮೇಲೆ, ಕಾಲು ಭಾಗ ನೆಲಕ್ಕೆ, ಉಳಿದದ್ದು ಬಾಯಿಗೆ. ಮನೆಯ ಕೋಳಿಗೆ ಪಾಠದ ದಿನ ಗೊತ್ತಾಗಿಹೋಗಿತ್ತು, ನನಗಿಂತ ಮುಂಚೆ ಬಂದು ಅವಳನ್ನು ಕೂರಿಸುವ ಕುರ್ಚಿಯ ಪಕ್ಕ ನಿಲ್ಲುತ್ತಿತ್ತು. ಬೇಸಿಗೆಯ ಹೊತ್ತಿಗೆ ಒಂದು ತಟ್ಟೆ ಅನ್ನವನ್ನು, ಹೊತ್ತು ಹಿಡಿದರೂ, ಯಾರ ಸಹಾಯವೂ ಇಲ್ಲದೆ ಮುಗಿಸುವ ಹಾಗಾದಳು. ಮೊದಲ ಸಲ ಹಾಗೆ ಮುಗಿಸಿದ ದಿನ ಅವಳ ಅಮ್ಮ ಬಾಗಿಲಲ್ಲೇ ಕುಡುಗೋಲು ಹಿಡಿದುಕೊಂಡು ನಿಂತಿದ್ದಳು, ಒಳಗೆ ಬರುವುದನ್ನೇ ಮರೆತು. ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. "ಹಾಗಿದ್ರೆ ಜೂನಿಗೆ ಬರ್ಲಿ ಬಿಡಿ" ಎಂದರು.

ಆ ಬೇಸಿಗೆಯಲ್ಲೇ ಶಿಬಿರದ ಕರೆ ಬಂತು. ಹುಡುಗಿಯ ಹಳೆಯ ಸರ್ಟಿಫಿಕೇಟು ಚಿಕ್ಕಂದಿನದು, ಅದರಲ್ಲಿ ಎಪ್ಪತ್ತೆಂದು ಬರೆದಿತ್ತು. ಮತ್ತೆ ಪರೀಕ್ಷೆ ಮಾಡಿಸಬೇಕಿತ್ತು. ನಾನು ವಿಷಯ ಹೇಳಿದಾಗ ಅಮ್ಮ ಗೋಡೆಗೊರಗಿ ಕೂತು ಕೇಳಿದಳು.

"ಮೇಡಮ್ಮೋರೆ, ಈಗ ಉಣ್ಣಾದ ಕಲ್ತವ್ಳಲ್ಲ. ಇರಾದನ್ನೂ ಕಮ್ಮಿ ಮಾಡ್ಬುಡ್ತಾರಾ?"

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಮಗಳು ಶಾಲೆಗೆ ಸೇರಿದರೆ ಅವಳ ಬಾತ್ರೂಮಿಗೆಂದು ದಿನಕ್ಕೆರಡು ಸಲ ಬಂದು ಹೋಗಲು ಅವಳು ಕೂಲಿ ಬಿಡಬೇಕಿತ್ತು. ಆ ಮಾಸಾಶನವೇ ಅದಕ್ಕೆ ಆಸರೆ. ನಾನು ಎಲ್ಲ ತಾಯಂದಿರಿಗೂ ಹೇಳುವ ಮಾತನ್ನೇ ಹೇಳಿದೆ. ಡಾಕ್ಟರು ಮಗುವನ್ನು ನೋಡುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಮಗು ತನ್ನ ಒಳ್ಳೆಯ ದಿನವನ್ನು ತೋರಿಸಿಬಿಟ್ಟರೆ ಉಳಿದ ದಿನಗಳ ಕಷ್ಟ ಅವರಿಗೆ ಕಾಣುವುದಿಲ್ಲ. ಆದ್ದರಿಂದ ತೀರಾ ಕೆಟ್ಟ ದಿನ ಹೇಗಿರುತ್ತದೋ ಅದನ್ನು ಹೇಳಿ. ಇಷ್ಟು ಹೇಳಿ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಹುಡುಗಿಯ ಕಡೆ ತಿರುಗಿ, ತಮಾಷೆಗೆಂಬಂತೆ, "ಅಲ್ಲಿ ಏನೂ ಮಾಡಿ ತೋರಿಸ್ಬಾರ್ದು ಕಣಮ್ಮಿ, ಬೊಂಬೆ ಥರ ಇರಬೇಕು, ಆಯ್ತಾ?" ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ನನ್ನ ಪಾಠಗಳಿಗೆಲ್ಲ ಅವಳು ಹಾಗೆಯೇ ತಲೆಯಾಡಿಸುವುದು.

ಶಿಬಿರದ ದಿನ ಹೊಸ ಫ್ರಾಕು, ಎರಡು ಜಡೆ, ಕನಕಾಂಬರ. ಡಾಕ್ಟರು ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ಕಾಲು ಮಡಚಿ ನೋಡಿದರು, ಬಲಗೈ ಬಿಡಿಸಿ ನೋಡಿದರು. ಆಮೇಲೆ ಜೇಬಿನಿಂದ ಒಂದು ಚಾಕಲೇಟು ತೆಗೆದು ಅವಳ ಮುಂದೆ ಹಿಡಿದರು.

"ಪುಟ್ಟಿ, ಚಾಕ್ಲೇಟ್ ಬೇಕಾ? ಎಲ್ಲಿ, ತಗೋ ನೋಡೋಣ."

ಹುಡುಗಿ ಅಮ್ಮನ ತೊಡೆಯ ಮೇಲಿದ್ದಳು, ನಾನು ಪಕ್ಕದ ಸ್ಟೂಲಿನಲ್ಲಿ. ಎಷ್ಟು ಹೇಳಿದ್ದರೂ ಮಗು ಮಗುವೇ. ಅವಳ ಎಡಗೈ ತೊಡೆಯಿಂದ ಮೇಲೇಳತೊಡಗಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಎರಡು ವರ್ಷ ಆ ಬೆರಳುಗಳು ಬಿಚ್ಚಿಕೊಳ್ಳಲೆಂದು ಕಾದು ಕೂತಿದ್ದವಳು ನಾನು. ಅಂಥ ನಾನೇ ನನ್ನ ಕೈಯನ್ನು ಅದರ ಮೇಲಿಟ್ಟು, ಮುದ್ದು ಮಾಡುವವಳ ಹಾಗೆ, ಮೆಲ್ಲಗೆ ಕೆಳಗೆ ಒತ್ತಿದೆ.

"ಆಗಲ್ಲ ಸರ್. ಎಲ್ಲ ಅವರಮ್ಮನೇ ಮಾಡ್ಬೇಕು" ಎಂದೆ.

ಕೈಯ ಕೆಳಗಿನ ಕೈ ಸ್ವಲ್ಪ ಹೊತ್ತು ಎಳೆದಾಡಿತು, ಆಮೇಲೆ ಸುಮ್ಮನಾಯಿತು. ಹುಡುಗಿ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ, ಜಾಣೆ, ಎಂದೆ. ಡಾಕ್ಟರು ಚಾಕಲೇಟಿನ ಕಾಗದ ಬಿಡಿಸಿ ತಾವೇ ಅವಳ ಬಾಯಿಗಿಟ್ಟರು.

ಒಂದು ಕೆಲಸ ಮಾಡಿದ ತಕ್ಷಣ ಬಹುಮಾನ ಸಿಕ್ಕರೆ ಮಗು ಅದನ್ನು ಮರೆಯುವುದಿಲ್ಲ ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಅದನ್ನು ಎಷ್ಟು ಜನ ತಾಯಂದಿರಿಗೆ ಒಪ್ಪಿಸಿದ್ದೆನೋ. ಅಂದು ನನಗೆ ಅದು ನೆನಪಾಗಲಿಲ್ಲ.

ಎಂಬತ್ತು ಬಂತು. ಜಗಲಿಯಲ್ಲಿ ಹೆಂಗಸರು "ಎಂಬತ್ತಾ! ಗೆದ್ದೆ ಬುಡು" ಎಂದರು. ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ಚಾಮರಾಜನಗರ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿಯಲ್ಲಿ ಮೂವರಿಗೂ ಬಾದಾಮಿ ಹಾಲು ಕೊಡಿಸಿದಳು, ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಹುಡುಗಿಗೆ ಅವಳೇ ಲೋಟ ಹಿಡಿದು ಕುಡಿಸಿದಳು. ಬಸ್ಸಿನಲ್ಲಿ ಹುಡುಗಿ ಕಿಟಕಿಗೊರಗಿ ಎಂಬತ್ತು, ಎಂಬತ್ತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಹೊಸ ಪದ ಸಿಕ್ಕಾಗ ಹಾಗೆ ಮಾಡುವುದು ಅವಳ ಅಭ್ಯಾಸ. ಉಚ್ಚಾರಣೆ ಚೆನ್ನಾಗಿದೆ ಎಂದುಕೊಂಡೆ ನಾನು.

ಮುಂದಿನ ವಾರ ಹೋದಾಗ ಅಮ್ಮನ ಮುಖ ಚಿಕ್ಕದಾಗಿತ್ತು.

"ಉಣ್ತಾನೇ ಇಲ್ಲ ಮೇಡಮ್ಮೋರೆ. ಚಮಚನ ಮುಟ್ಟಾದೇ ಇಲ್ಲ. ಬಾಯಿ ತಗ್ದು ಕುಂತ್ಕತಾಳೆ, ನಾವೇ ಮಡಗ್ಬೇಕು."

ಜ್ವರವೇ? ಇಲ್ಲ. ಕೈ ನೋವೇ? ನಾನು ಹಿಡಿದು ನೋಡಿದೆ, ಸರಿಯಾಗಿಯೇ ಇತ್ತು. ಚಮಚ ಕೊಟ್ಟೆ. ಹುಡುಗಿ ಎಡಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಭಾರ ಬಿಟ್ಟು ಕೂತಳು. ಮುಖದಲ್ಲಿ ಹಟವಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಮಗುವಿನ ಮುಖ ಅದು.

"ಯಾಕೆ ಮಗ?" ಎಂದೆ.

"ಮಾಡುದ್ರೆ... ಪರ್ಸೆಂಟು... ಓಯ್ತದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅಜ್ಜಿ ಅವರೆಕಾಳು ಸುಲಿಯುತ್ತ ಕೂತಿದ್ದವರು ನಕ್ಕುಬಿಟ್ಟರು.

"ಇನ್ನೇನ್ ಕೇಳೀಯೆ! ಎದುರುಮನೆ ಕೂಸು ಎಸ್ಸೆಸ್ಸೆಲ್ಸೀಲಿ ಎಪ್ಪತ್ತೆರಡು ತಗದ್ಲು ಅಂತ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚುದ್ರು. ನಮ್ಮವ್ಳು ಜಗಲಿ ಮೇಲೆ ಕುಂತ್ಕಂಡು ಓಗೋರ್ ಬರೋರ್ಗೆಲ್ಲ ಹೇಳ್ತಾ ಅವ್ಳೆ, ಅಕ್ಕಂಗೆ ಎಪ್ಪತ್ತೆರಡು, ನಂಗೆ ಎಂಬತ್ತು ಅಂತ. ಊರ್ಗೇ ಫಸ್ಟು ಬಂದವ್ಳೆ ಕಣವ್ವ, ಇನ್ನು ಕೈ ಎತ್ತಾಳಾ?"

ಅಮ್ಮನೂ ನಕ್ಕಳು. ನಾನೂ ನಕ್ಕೆ, ನಗು ಬಂದೇ ಬಂತು. ಹುಡುಗಿ ನಮ್ಮೆಲ್ಲರ ನಗುವನ್ನು ಮೆಚ್ಚುಗೆ ಎಂದುಕೊಂಡು ತಾನೂ ಜೋರಾಗಿ ನಕ್ಕಳು. ಆ ನಗು ನೋಡಿದ ಮೇಲೆ ನನ್ನದು ನಿಂತುಹೋಯಿತು.

"ಅದು ಮಾರ್ಕ್ಸ್ ಅಲ್ಲ ಮಗ" ಎಂದೆ.

"ಮತ್ತೆ?"

ಮತ್ತೆ ಏನು? ನಿನ್ನಿಂದ ಎಷ್ಟು ಆಗುವುದಿಲ್ಲ ಎಂದು ಅಳೆದು ಬರೆದದ್ದು, ಅದು ಹೆಚ್ಚಾಗಲಿ ಎಂದು ನಾವೆಲ್ಲ ಬಯಸಿದ್ದು, ಹೆಚ್ಚಾದದ್ದಕ್ಕೆ ಬಾದಾಮಿ ಹಾಲು ಕುಡಿದದ್ದು. ಇದನ್ನು ಹತ್ತು ವರ್ಷದ ಮಗುವಿಗೆ ಹೇಳುವ ಕನ್ನಡ ನನ್ನಲ್ಲಿರಲಿಲ್ಲ. ಅದು ಬೇರೆ ಪರ್ಸೆಂಟು, ಇದು ಬೇರೆ ಪರ್ಸೆಂಟು ಎಂದೆಲ್ಲ ತೊದಲಿದೆ. ಮಾತು ಅವಳಿಗೆ ಕಷ್ಟ ಎನ್ನುತ್ತೇವೆ. ಅಂದು ತೊದಲಿದವಳು ನಾನು. ಕೊನೆಗೆ ಬೇರೆ ದಾರಿ ಕಾಣದೆ, "ನೋಡು, ಅವತ್ತು ಡಾಕ್ಟರ ಹತ್ರ ನಾನು ಸುಳ್ಳು ಹೇಳ್ದೆ. ನಿಂಗೆ ಕೈ ಎತ್ತೋಕೆ ಬರುತ್ತೆ. ಎತ್ತೋದೇ ಸರಿ" ಎಂದೆ.

ನನ್ನ ಮಾತು ಮುಗಿಯುವ ಮೊದಲೇ ಅಮ್ಮ ಎದ್ದು ಹೋಗಿ ಬಾಗಿಲು ಮುಂದಕ್ಕೆಳೆದಳು.

"ಮೆತ್ತಗ್ ಹೇಳಿ ಮೇಡಮ್ಮೋರೆ, ನಿಮ್ ದಮ್ಮಯ್ಯ. ಎದುರುಮನೆಯೋರು ಕೇಳುಸ್ಕಂಡ್ರೆ ಬರೋ ದುಡ್ಡ ಕಿತ್ತಾಕ್ಸ್‌ಬುಡ್ತಾರೆ. ಮೊದ್ಲೇ ಹೊಟ್ಟೆಕಿಚ್ಚು ಆ ಜನಕ್ಕೆ."

ಹುಡುಗಿ ಬಾಗಿಲು ನೋಡಿದಳು, ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಿಧಾನಕ್ಕೆ, ನನಗೆ ಸಮಾಧಾನ ಹೇಳುವವಳ ಹಾಗೆ, "ಟೀಚರ್... ಸುಳ್ಳು... ಹೇಳಲ್ಲ" ಎಂದಳು. ಕೈಯನ್ನು ಇನ್ನಷ್ಟು ಒಳಗೆ ತೂರಿಸಿಕೊಂಡಳು.

ಅದಾದ ಮೇಲೆ ನಾನು ಮಾಡದ ಪ್ರಯತ್ನವಿಲ್ಲ. ಬೆಲ್ಲದ ಪುಡಿಯಿಂದ ಮತ್ತೆ ಶುರು ಮಾಡಿದೆ. ಚಾಕಲೇಟು ಒಯ್ದೆ. ಅದನ್ನು ಅವಳು ನೋಡಿ, ಇದು ಮತ್ತೊಂದು ಪರೀಕ್ಷೆ ಎಂದುಕೊಂಡು ಇನ್ನೂ ನೆಟ್ಟಗೆ ಕೂತಳು. ಶಾಲೆಯ ಆಸೆ ತೋರಿಸಿದೆ. "ಕೈಯಿಂದ ಉಂಡ್ರೆ ಶಾಲೆ" ಎಂದೆ. ಕಣ್ಣು ತುಂಬಿಕೊಂಡಳು, ಕೈ ಮಾತ್ರ ತೆಗೆಯಲಿಲ್ಲ. ಅವಳು ಆ ಎಂಬತ್ತನ್ನು ಅಮ್ಮನಿಗಾಗಿ ಕಾಯುತ್ತಿದ್ದಳೆಂದು ನನಗೆ ಹೊಳೆದದ್ದು ಆಗ. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಅಷ್ಟು ಖುಷಿಯಾಗಿದ್ದುದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲವೇನೋ.

ರಾತ್ರಿ ಅಡುಗೆಮನೆ ಒರೆಸುವಾಗ ನನ್ನನ್ನು ಕಾಡಿದ್ದು ಇನ್ನೊಂದು ಯೋಚನೆ. ಅವಳ ಕಾಲು ನೋಡಿ, ಬಲಗೈ ನೋಡಿ, ಮಾತು ಕೇಳಿ ಡಾಕ್ಟರು ಎಂಬತ್ತು ಬರೆದರು. ಅವಳು ಎಡಗೈ ಎತ್ತಿ ಆ ಚಾಕಲೇಟು ತೆಗೆದುಕೊಂಡಿದ್ದರೂ ಎಂಬತ್ತನ್ನೇ ಬರೆಯುತ್ತಿದ್ದರೇನೋ. ಒತ್ತಿ ಹಿಡಿದದ್ದು ಸುಮ್ಮಸುಮ್ಮನೆ ಆಗಿತ್ತೇನೋ. ಅದು ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಗಂಡನಿಗೆ ಹೇಳಿದೆ. "ಅವರಿಗೆ ಒಳ್ಳೇದೇ ಮಾಡಿದ್ದೀಯ ಬಿಡು" ಎಂದರು. ಒಳ್ಳೆಯದೂ ಆಗಿತ್ತು. ಅದೇ ಕಷ್ಟ. ಬರೀ ಕೆಟ್ಟದ್ದಾಗಿದ್ದರೆ ಹೋಗಿ ಸರಿಪಡಿಸಿಬಿಡುತ್ತಿದ್ದೆ.

ಜೂನ್ ಬಂತು. ಹೆಡ್‌ಮಾಸ್ಟರ ಮುಂದೆ ಹೋಗಿ ಕೂತೆ. ಕಲಿತಿದ್ದಳು, ಈಗ ಬಿಟ್ಟಿದ್ದಾಳೆ ಎಂದೆ. ಯಾಕೆ ಎಂದರು. "ಮಕ್ಕಳಲ್ಲವಾ ಸರ್, ಹಾಗೇ" ಎಂದೆ. ಎರಡನೆಯ ಸುಳ್ಳು. ಊಟದ ಹೊತ್ತಿಗೆ ಅಮ್ಮ ಬಂದು ತಿನ್ನಿಸುತ್ತಾಳೆ, ಒಂದು ತಿಂಗಳು ನೋಡಿ, ಆಗದಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, "ಒಂದು ತಿಂಗಳು ಮೇಡಂ, ಆಮೇಲೆ ನನ್ನ ಬೈಬೇಡಿ" ಎಂದರು.

ಹುಡುಗಿ ಶಾಲೆಗೆ ಹೋದಳು. ಅಮ್ಮ ಪ್ರತಿದಿನ ಹೊಲದಿಂದ ಊಟದ ಬೆಲ್ಲಿಗೆ ಓಡಿಬರುತ್ತಿದ್ದಳು. ಕೈಕಾಲಿನ ಮಣ್ಣು ತೊಳೆದು, ಸಾಲಿನ ಕೊನೆಯಲ್ಲಿ ಕೂತು, ಮಗಳಿಗೆ ತಿನ್ನಿಸಿ, ಮತ್ತೆ ಓಡುತ್ತಿದ್ದಳು. ಹಾಗೆ ಅರ್ಧಕ್ಕೆ ಎದ್ದು ಹೋಗುವವಳನ್ನು ಕಳೆಗೆ ಯಾರು ಕರೆಯುತ್ತಾರೆ? ಒಬ್ಬೊಬ್ಬರಾಗಿ ಕರೆಯುವುದನ್ನು ನಿಲ್ಲಿಸಿದರು. ತಿಂಗಳು ಮುಗಿಯುವುದರೊಳಗೆ ಏನಾದರೂ ಆಗಬೇಕಿತ್ತು. ನನ್ನಿಂದ ಏನೂ ಆಗಲಿಲ್ಲ.

ಆದದ್ದು ನಾನಿಲ್ಲದಾಗ. ಒಂದು ದಿನ ಅಜ್ಜಿಗೆ ಮೈ ಹುಷಾರಿಲ್ಲದೆ ಅಮ್ಮ ಅವರನ್ನು ತೆರಕಣಾಂಬಿಯ ಆಸ್ಪತ್ರೆಗೆ ಕರೆದೊಯ್ದಿದ್ದಳು, ಊಟದ ಹೊತ್ತಿಗೆ ಬರಲಾಗಲಿಲ್ಲ. ಹೆಡ್‌ಮಾಸ್ಟರು ಸಂಜೆ ಫೋನ್ ಮಾಡಿದರು, ದನಿಯಲ್ಲಿ ಸಂಭ್ರಮ.

"ಮೇಡಂ, ನಾನು ಬೇರೆ ಮಕ್ಕಳಿಗೆ ಬಡಿಸಿ ಬರೋದ್ರೊಳಗೆ ತಟ್ಟೆ ಅರ್ಧ ಖಾಲಿ! ಪಕ್ಕದ ಹುಡುಗಿ ಇವಳ ಬ್ಯಾಗಿನ ಚಮಚ ತೆಗೆದು ಕೊಟ್ಟಳಂತೆ, ಇವಳು ತಗೊಂಡ್ಳಂತೆ. ಎಡಗೈಲಿ ಏನ್ ಚೆನ್ನಾಗಿ ತಿಂತಾಳೆ ರೀ! ಮತ್ತೆ ನೀವು ಬಿಟ್ಟುಬಿಟ್ಟಿದ್ದಾಳೆ ಅಂದ್ರಿ?"

ಮರುದಿನವೂ ತಿಂದಳಂತೆ. ಅದರ ಮರುದಿನವೂ. ಅಮ್ಮ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಸಾಲಿನಲ್ಲಿ ಎಲ್ಲರೂ ತಾವೇ ತಿನ್ನುವಾಗ ತಾನೊಬ್ಬಳೇ ಬಾಯಿ ತೆರೆದು ಕೂರುವುದು ಅವಳಿಗೆ ನಾಚಿಕೆಯಾಗಿರಬೇಕು. ಅಥವಾ ಬರೀ ಹಸಿವೇ ಇರಬಹುದು. ನಾನು ಎರಡು ಡಜನ್ ಬಾಳೆಹಣ್ಣು ತೆಗೆದುಕೊಂಡು, ಊಟದ ಹೊತ್ತಿಗೇ ಸರಿಯಾಗಿ ಆ ಶಾಲೆಗೆ ಹೋದೆ. ನೋಡಬೇಕಿತ್ತು ನನಗೆ.

ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಅನ್ನ ಸಾರಿನ ಹಬೆ. ಅವಳು ಮಧ್ಯದಲ್ಲಿ, ತನ್ನ ಕುರ್ಚಿಯಲ್ಲಿ. ದೂರದಿಂದ ಅವಳ ಎಡಗೈ ಕಂಡಿತು, ಚಮಚ ಬಾಯಿಯ ಹತ್ತಿರವಿತ್ತು. ಅಷ್ಟರಲ್ಲಿ ಪಕ್ಕದ ಹುಡುಗಿ ನನ್ನನ್ನು ಕಂಡಳು.

"ಮನೆ ಪಾಠದ ಟೀಚರ್ ಬಂದ್ರು ಕಣಮ್ಮಿ! ಮಡ್ಗು, ಮಡ್ಗು!"

ಇನ್ನೊಬ್ಬಳು ಚಮಚ ಕಿತ್ತುಕೊಂಡು ತನ್ನ ತಟ್ಟೆಯಲ್ಲಿ ಮುಚ್ಚಿಟ್ಟಳು. ಮತ್ತೊಬ್ಬಳು ಇವಳ ಗಲ್ಲಕ್ಕಂಟಿದ್ದ ಅನ್ನ ಒರೆಸಿದಳು. ಹುಡುಗಿ ಕೈಯನ್ನು ತೊಡೆಯ ಕೆಳಗೆ ತೂರಿಸಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಆ ಸಾಲೆಲ್ಲ ಏನೂ ಆಗದವರ ಹಾಗೆ ತಟ್ಟೆ ನೋಡುತ್ತ ಕೂತಿತ್ತು. ಗೆಳತಿಯ ಎಂಬತ್ತು ಪರ್ಸೆಂಟನ್ನು ಕಾಯಲು ಆ ಮಕ್ಕಳೆಲ್ಲ ಒಂದಾಗಿದ್ದರು. ಕಾಯಬೇಕಾದದ್ದು ನನ್ನಿಂದ.

ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ನಾನು ನೋಡ್ದೆ ಮಗ. ಚೆನ್ನಾಗಿ ತಿಂತಿದ್ದೆ. ತಿನ್ನು. ಯಾರೂ ಕಮ್ಮಿ ಮಾಡಲ್ಲ."

ಅವಳು ನನ್ನ ಹಿಂದೆ ನಿಂತಿದ್ದ ಹೆಡ್‌ಮಾಸ್ಟರ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ನೋಡಿದಳು. ಅವರು ಇದ್ದಾರೆಂದು ನಾನು ಹಾಗೆ ಹೇಳುತ್ತಿದ್ದೇನೆ ಎಂದು ತಿಳಿದುಕೊಂಡಳು. ಸಣ್ಣಗೆ ನಕ್ಕು ಬಾಯಿ ತೆರೆದಳು.

ನಾನು ತಿನ್ನಿಸಿದೆ. ಬೇರೇನು ಮಾಡಲಿ? ಒಂದೊಂದು ತುತ್ತಿಗೂ ಅವಳ ಕಣ್ಣು ನನ್ನ ಮೇಲೆ, ಸರಿಯಾಗಿ ಮಾಡುತ್ತಿದ್ದೇನಾ ಎಂದು ಕೇಳುತ್ತಿತ್ತು. ಪೂರ್ತಿ ತಟ್ಟೆ ಮುಗಿಸಿದಳು. ಅನ್ನ ಆರಿಹೋಗಿತ್ತು. ಹೆಡ್‌ಮಾಸ್ಟರು ಪಾಪ, "ನೀವು ಬಂದಿದ್ದಕ್ಕೆ ಮುದ್ದು ಮಾಡಿಸ್ಕೋತಾಳೆ" ಎಂದರು.

ಅಮ್ಮನ ಹತ್ತಿರ ಮಾತಾಡಿದ್ದೇನೆ. "ಕಾಲ ಬಂದಾಗ ತಿಳ್ಕತಾಳೆ ಬುಡಿ ಮೇಡಮ್ಮೋರೆ, ಉಣ್ತಾಳಲ್ಲ, ಸಾಕು" ಎನ್ನುತ್ತಾಳೆ. ಅವಳು ನನ್ನನ್ನು ಯಾವತ್ತೂ ದೂರಿಲ್ಲ. ಹೋದಾಗಲೆಲ್ಲ ಅರಿಶಿನದ ಕೊಂಬೋ ಸಣ್ಣ ಈರುಳ್ಳಿಯೋ ಕಟ್ಟಿ ಕೊಡುತ್ತಾಳೆ, ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಆ ಈರುಳ್ಳಿ ಹುಳಿಗೆ ಹಾಕುವಾಗಲೆಲ್ಲ ನನ್ನ ಕೈ ನಿಧಾನವಾಗುತ್ತದೆ.

ಬೇರೆ ತಾಯಂದಿರು ಈಗಲೂ ಕೇಳುತ್ತಾರೆ, ಡಾಕ್ಟರ ಮುಂದೆ ಏನು ಹೇಳಬೇಕು ಮೇಡಂ ಎಂದು. ಕೆಟ್ಟ ದಿನ ಹೇಗಿರುತ್ತದೋ ಅದನ್ನು ಹೇಳಿ ಎಂದೇ ಹೇಳುತ್ತೇನೆ, ಅದು ನಿಜವೂ ಹೌದು. ಮಗುವಿನ ಕೈ ಮಾತ್ರ ಹಿಡಿಯಬೇಡಿ ಎನ್ನುತ್ತೇನೆ. "ಎತ್ತಿಬುಟ್ರೆ?" ಎನ್ನುತ್ತಾರೆ. ಎತ್ತಲಿ ಬಿಡಿ ಎನ್ನುವುದು ನನಗೆ ಸುಲಭ. ಆ ಸಂಖ್ಯೆಯ ಮೇಲೆ ಒಲೆ ಹಚ್ಚುವವಳು ನಾನಲ್ಲ. ಅದಕ್ಕೇ ಆ ಮಾತನ್ನು ಗಟ್ಟಿಯಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವಳು ಈಗ ಮನೆ ಪಾಠದ ಮಗುವಲ್ಲ, ಶಾಲೆಯ ಮಗು. ಆದರೂ ವಾರಕ್ಕೊಮ್ಮೆ ಆ ಶಾಲೆಗೆ ಹೋಗಬೇಕು. ಬೆಳಿಗ್ಗೆಯೇ ಹೋಗುತ್ತೇನೆ. ಅಕ್ಷರ ತಿದ್ದಿಸಿ, ಕೈಕಾಲಿನ ವ್ಯಾಯಾಮ ಮಾಡಿಸಿ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದ ಹಾಗೆ ಬ್ಯಾಗು ಮುಚ್ಚುತ್ತೇನೆ.

"ಬಿಸಿ ಸಾರಿದೆ, ಊಟ ಮಾಡ್ಕೊಂಡು ಹೋಗಿ ಮೇಡಂ" ಎನ್ನುತ್ತಾರೆ ಹೆಡ್‌ಮಾಸ್ಟರು.

"ಆಟೋ ಸಿಗಲ್ಲ ಸರ್" ಎನ್ನುತ್ತೇನೆ.

ಆ ಹೊತ್ತಿನಲ್ಲಿ ಅಲ್ಲಿ ಆಟೋ ಇರುವುದೇ ಇಲ್ಲ. ಬೆಲ್ಲು ಹೊಡೆಯುವ ಮೊದಲು ಗೇಟು ದಾಟಿ, ಬೀದಿಯ ತಿರುವಿನಲ್ಲಿ ಹುಣಸೆಮರದ ನೆರಳಿಗೆ ನಿಲ್ಲುತ್ತೇನೆ. ತಟ್ಟೆಗಳ ಸದ್ದು ಅಲ್ಲಿಗೆ ಕೇಳುತ್ತದೆ, ಜಗಲಿ ಕಾಣುವುದಿಲ್ಲ. ಮಕ್ಕಳೆಲ್ಲ ಉಂಡು ನಲ್ಲಿಯ ಹತ್ತಿರ ಗಲಾಟೆ ಶುರುವಾಗುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ರಸ್ತೆಯ ಕಡೆ ನಡೆಯುತ್ತೇನೆ.